ಕಾಗದದ ಹದಿನೆಂಟು

ಮೋಹಿತನಿಗೆ ಇನ್ನೂ ಹದಿನೇಳು ಎಂದು ಆ ಬೆಳಿಗ್ಗೆ ಹೇಳಿದವಳು ಸುಮಿತ್ರಮ್ಮನೇ. ಯಾರೂ ಆ ಮಾತನ್ನು ಅವಳ ಬಾಯಿಗೆ ತುರುಕಲಿಲ್ಲ. ತಮ್ಮ ರಾಜೇಶ ಜಗಲಿಯ ಕಂಬ ಹಿಡಿದು ನಿಂತು ಹುಡುಗನಿಗೆ ವಯಸ್ಸೆಷ್ಟು ಎಂದು ಕೇಳಿದ. ಅವಳು ಉಸಿರು ತೆಗೆದುಕೊಳ್ಳುವಷ್ಟೂ ತಡಮಾಡದೆ, ಹದಿನೇಳು, ಬರುವ ಯುಗಾದಿ ಹೊತ್ತಿಗೆ ಹದಿನೆಂಟು ಎಂದುಬಿಟ್ಟಳು. ಹೆತ್ತವಳಿಗಿಂತ ಚೆನ್ನಾಗಿ ಬೇರೆ ಯಾರಿಗೆ ಗೊತ್ತಿರುತ್ತದೆ?

ಅಷ್ಟು ಹೊತ್ತಿಗೆ ಪಕ್ಕದ ಮನೆಯ ಕೃಷ್ಣಪ್ಪ ಸುಮಿತ್ರಮ್ಮನ ಗದ್ದೆಯ ಅಂಚಿನಲ್ಲಿ ಸತ್ತು ಬಿದ್ದು ಒಂದು ಗಂಟೆಯೂ ಆಗಿರಲಿಲ್ಲ.

ಸೀತೂರಿನಿಂದ ಒಳಕ್ಕೆ ಎರಡು ಮೈಲಿ ನಡೆದರೆ ಬಿಳಿಗದ್ದೆ ಸಿಗುತ್ತದೆ. ಇರುವುದು ಎಂಟು ಮನೆ; ಹಂದಿಗಳ ಲೆಕ್ಕ ಇಟ್ಟವರಿಲ್ಲ. ಭತ್ತ ಹಾಲುಗಟ್ಟುವ ಹೊತ್ತಿಗೆ ಕಾಡುಹಂದಿಯ ಹಿಂಡು ಇಳಿಯಿತೆಂದರೆ ಬೆಳಗಾಗುವುದರೊಳಗೆ ಅರ್ಧ ಎಕರೆ ನೆಲಕ್ಕೆ ಮಲಗಿರುತ್ತದೆ. ಅನುಕೂಲ ಇದ್ದವರು ಸೋಲಾರ್ ಬೇಲಿ ಹಾಕಿಸಿಕೊಂಡಿದ್ದರು. ಸುಮಿತ್ರಮ್ಮನ ಗಂಡ ಯೋಗೇಂದ್ರ ಮಾತ್ರ ಪಂಪಿನ ಮನೆಯಿಂದ ಲೈನಿನ ಕರೆಂಟನ್ನೇ ನೇರವಾಗಿ ಗದ್ದೆಯ ಸುತ್ತಲಿನ ತಂತಿಬೇಲಿಗೆ ಕೊಟ್ಟಿದ್ದ. ಅದು ತಪ್ಪು ಎಂದು ಗೊತ್ತಿಲ್ಲದವರು ಊರಲ್ಲಿ ಯಾರೂ ಇರಲಿಲ್ಲ. ಬೇಡ ಎಂದವರೂ ಯಾರೂ ಇರಲಿಲ್ಲ. ಎಂಟೇ ಮನೆಯ ಊರಿನಲ್ಲಿ ಒಬ್ಬರ ತಪ್ಪನ್ನು ಇನ್ನೊಬ್ಬರು ಎತ್ತಿ ಆಡಿದರೆ ನಾಳೆ ಉಪ್ಪು, ಬೆಂಕಿಪೆಟ್ಟಿಗೆ ಕೇಳಲು ಯಾರ ಮನೆಗೆ ಹೋಗುವುದು?

ಕೆಲಸ ಹಂಚಿಹೋಗಿತ್ತು. ತಂತಿ ಎಳೆದವನು ಯೋಗೇಂದ್ರ. ಸಂಜೆ ಏಳಕ್ಕೆ ಹೋಗಿ ಸ್ವಿಚ್ ಹಾಕಿ ಬರುವವಳು ಸುಮಿತ್ರಮ್ಮ. ಬೆಳಗಿನ ಐದೂವರೆಗೆ ಹೋಗಿ ತೆಗೆಯುವವನು ಮತ್ತೆ ಯೋಗೇಂದ್ರ. ಮೋಹಿತನನ್ನು ಮಾತ್ರ ಆ ಕಡೆ ಸುಳಿಯಲೂ ಬಿಡುತ್ತಿರಲಿಲ್ಲ. ಕರೆಂಟಿನ ಕೆಲಸ ಮಕ್ಕಳಿಗೆ ಬೇಡ ಎಂಬ ವಿವೇಕ ಇಬ್ಬರಿಗೂ ಇತ್ತು.

ಹಿಂದಿನ ರಾತ್ರಿ ಕರೆಂಟು ಹೋದದ್ದು ಬೆಳಗಿನವರೆಗೂ ಬಂದಿರಲಿಲ್ಲ. ಐದೂವರೆಗೆ ಎಚ್ಚರವಾದ ಯೋಗೇಂದ್ರ, ಕರೆಂಟೇ ಇಲ್ಲದ ಮೇಲೆ ತೆಗೆಯುವುದೇನನ್ನು ಎಂದು ಮಗ್ಗುಲು ಬದಲಿಸಿದ. ತನ್ನ ಗದ್ದೆಯ ನೀರು ಹೊರಕ್ಕೆ ಬಿಡಲು ಹೊರಟಿದ್ದ ಕೃಷ್ಣಪ್ಪನೂ ಪಂಪಿನ ಮನೆಯ ಬಲ್ಬು ಆರಿರುವುದನ್ನು ನೋಡಿ ಹಾಗೆಯೇ ಅಂದುಕೊಂಡು ಅಂಚಿಗೆ ಇಳಿದಿರಬೇಕು. ಐದೂ ಮುಕ್ಕಾಲಿಗೆ ಕರೆಂಟು ಬಂತು.

ಯೋಗೇಂದ್ರ ಆಗಿನಿಂದ ಜಗಲಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತವನು ಏಳಲೇ ಇಲ್ಲ.  ಸುಮಿತ್ರಮ್ಮನಿಗೆ ಫೋನು ಮಾಡಲು ನೆನಪಾದದ್ದು ಶೆಟ್ಟಿಕೊಪ್ಪದ ತಮ್ಮನಿಗೆ. ರಾಜೇಶ ಒಂದು ಅವಧಿಗೆ ಪಂಚಾಯಿತಿ ಸದಸ್ಯನಾಗಿದ್ದವನು. ಆವತ್ತಿನಿಂದ ಸಕಲ ಕಾನೂನೂ ತನ್ನ ಅಂಗಿಯ ಕಿಸೆಯಲ್ಲಿದೆ ಎಂದುಕೊಂಡವನು. ಅಲ್ಪವಿದ್ಯಾ ಮಹಾಗರ್ವಿ ಎನ್ನುತ್ತಾರಲ್ಲ, ಆ ಜಾತಿ. ಆದರೆ ಕೆಟ್ಟವನಲ್ಲ, ಅಕ್ಕನ ಮನೆ ಉಳಿಯಲಿ ಎಂದೇ ಬೈಕು ಹತ್ತಿ ಓಡಿಬಂದಿದ್ದ.

"ಭಾವ ಹೋದ್ರೆ ಹತ್ತು ವರ್ಷ. ನೀನು ಹೋದ್ರೂ ಅಷ್ಟೇ," ಎಂದ ರಾಜೇಶ. "ಹದಿನೆಂಟು ತುಂಬದ ಹುಡುಗ್ರಿಗೆ ಜೈಲು ಅಂತ್ಲೇ ಇಲ್ಲ ಅಕ್ಕ. ಚಿಕ್ಕಮಗ್ಳೂರಲ್ಲಿ ಮಕ್ಕಳ ಬೋರ್ಡ್ ಉಂಟು. ಬುದ್ಧಿ ಹೇಳಿ ಮನೆಗೆ ಕಳಿಸ್ತಾರೆ. ಹುಡುಗನೇ ಸ್ವಿಚ್ ಹಾಕಿದ್ದು ಅಂದುಬಿಡಿ."

ಮೋಹಿತ ಬಚ್ಚಲಿನಿಂದ ಬಂದವನು ಹೆಗಲ ಮೇಲೆ ಟವೆಲು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಕೊಪ್ಪದ ಕಾಲೇಜಿನಲ್ಲಿ ಡಿಗ್ರಿ ಮೊದಲ ವರ್ಷ. ಏಳೂ ಕಾಲಿನ ಬಸ್ಸಿಗೆ ಹೊರಡಬೇಕಾಗಿತ್ತು. ಮಾವನ ಮಾತನ್ನು ಪೂರ್ತಿ ಕೇಳಿಸಿಕೊಂಡ. ಅಮ್ಮನನ್ನು ನೋಡಿದ. ಆಮೇಲೆ ಅಪ್ಪನನ್ನು ನೋಡಿದ. ಸ್ವಲ್ಪ ಹೊತ್ತು ಹಾಗೇ ನಿಂತು, ಆಯ್ತು ಎಂದ. ಅವನು ಹೆದರಿದ್ದಾನೆ, ಪಾಪ, ಎಂದುಕೊಂಡ ಸುಮಿತ್ರಮ್ಮ ಅವನ ತಲೆ ಸವರಿ, ಎರಡು ದಿನದ ಮಾತು ಮಗ ಎಂದಳು.

ಏಳು ಗಂಟೆಗೆ ಪೊಲೀಸರು ಬಂದರು. ತಂತಿಯ ಫೋಟೋ ತೆಗೆದರು, ಪಂಪಿನ ಮನೆಗೆ ಬೀಗ ಹಾಕಿದರು, ಹುಡುಗನ ಮಾತು ಬರೆದುಕೊಂಡು ಅವನನ್ನು ನರಸಿಂಹರಾಜಪುರದ ಠಾಣೆಗೆ ಕರೆದೊಯ್ದರು. ಸಬ್ ಇನ್‌ಸ್ಪೆಕ್ಟರು ಮಾತು ಕಮ್ಮಿಯ ಮನುಷ್ಯ. ವಯಸ್ಸಿನ ದಾಖಲೆ ತನ್ನಿ, ಸಂಜೆ ಐದರೊಳಗೆ ತನ್ನಿ ಎಂದಷ್ಟೇ ಹೇಳಿದರು. ಚಿಕ್ಕವನಾದರೆ ಮಕ್ಕಳ ಬೋರ್ಡಿಗೆ ಕಳಿಸುತ್ತಾರೆ. ದೊಡ್ಡವನಾದರೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ, ಅಲ್ಲಿಂದ ಜೈಲಿಗೆ. ಸುಮಿತ್ರಮ್ಮ ಆ ಎರಡನೆಯ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅದು ಬೇರೆ ಯಾರದೋ ಮಕ್ಕಳಿಗೆ ಸೇರಿದ್ದು ಅನ್ನಿಸಿತು.

ಮನೆಯ ಟ್ರಂಕಿನಲ್ಲಿ ಹುಡುಗನ ಕಾಗದಗಳಿದ್ದವು. ಪ್ಲಾಸ್ಟಿಕ್ ಕವರಿನೊಳಗಿನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡು ತಮ್ಮನ ಬೈಕಿನ ಹಿಂದೆ ಕೂತಳು. ಆ ಅಂಕಪಟ್ಟಿಯನ್ನು ಅವಳು ಎಷ್ಟೋ ಸಲ ತೆಗೆದು ನೋಡಿದ್ದಳು, ಬಂದವರಿಗೆಲ್ಲ ತೋರಿಸಿದ್ದಳು. ನೋಡಿದ್ದೆಲ್ಲ ಅಂಕಗಳನ್ನೇ.

ವಕೀಲ ಪ್ರಸನ್ನಕುಮಾರರ ಕಚೇರಿ ಪೇಟೆಯೊಳಗೆ ಒಂದು ಗೊಬ್ಬರದಂಗಡಿಯ ಮಾಳಿಗೆಯಲ್ಲಿತ್ತು. ರಾಜೇಶನೇ ಎಲ್ಲ ಒಪ್ಪಿಸಿದ. ಸ್ವಿಚ್ ಹಾಕಿದ್ದು ನಿಜವಾಗಿಯೂ ಹುಡುಗನೇನಾ ಎಂದು ವಕೀಲರು ಸುಮಿತ್ರಮ್ಮನ ಮುಖ ನೋಡಿ ಕೇಳಿದರು. ಅವಳು ಬಾಯಿ ತೆರೆಯುವ ಮೊದಲೇ ರಾಜೇಶ ಹೌದು ಸಾರ್ ಎಂದ. ಅವಳು ತೆರೆದ ಬಾಯಿಯನ್ನು ಮುಚ್ಚಿಕೊಂಡಳು. ವಕೀಲರು ಅಂಕಪಟ್ಟಿ ಕೈಗೆ ತೆಗೆದುಕೊಂಡು ಒಮ್ಮೆ ನೋಡಿದರು, ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು.

"ಇದರಲ್ಲಿ ಹದಿನೆಂಟು ತುಂಬಿ ಐದು ತಿಂಗಳಾಯ್ತಲ್ಲಮ್ಮ," ಎಂದರು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಒಂದು ತಲೆಮಾರಿನ ಅರ್ಧ ಜನಕ್ಕೆ ಎರಡೆರಡು ಹುಟ್ಟುಹಬ್ಬ. ಒಂದು ದೇವರು ಕೊಟ್ಟದ್ದು, ಜಾತಕದಲ್ಲಿ ನಕ್ಷತ್ರದ ಜೊತೆಗೆ ಇರುತ್ತದೆ, ಆವತ್ತು ಪಾಯಸ ಆಗುತ್ತದೆ. ಇನ್ನೊಂದು ಹೆಡ್ಮಾಸ್ತರು ಕೊಟ್ಟದ್ದು, ಅದು ಯಾವಾಗಲೂ ಜೂನ್ ಒಂದು. ಮಗುವನ್ನು ಶಾಲೆಗೆ ಸೇರಿಸಲು ವಯಸ್ಸು ಸಾಲದಿದ್ದರೆ ಸಾಲುವಂತೆ ಮಾಡುವ ತಾರೀಖು ಅದು. ಹಾಗೆ ಹುಟ್ಟಿದವರಲ್ಲಿ ಎಷ್ಟೋ ಮಂದಿ ಮೇಷ್ಟ್ರಾಗಿದ್ದಾರೆ, ಪೊಲೀಸರಾಗಿದ್ದಾರೆ, ಒಂದು ವರ್ಷ ಮೊದಲೇ ರಿಟೈರಾಗಿ ಶಪಿಸಿಕೊಂಡಿದ್ದಾರೆ. ಯಾರೂ ಅದನ್ನು ಸುಳ್ಳು ಎಂದು ಕರೆದದ್ದಿಲ್ಲ.

ಮೋಹಿತನಿಗೆ ಐದು ವರ್ಷ ಎರಡು ತಿಂಗಳಾಗಿದ್ದಾಗ ಹೆಡ್ಮಾಸ್ತರು ಶಿವಶಂಕರಪ್ಪ ಬಿಳಿಗದ್ದೆಯ ಮನೆಮನೆಗೆ ಬಂದಿದ್ದರು. ಶಾಲೆಯಲ್ಲಿ ಒಂಬತ್ತೇ ಮಕ್ಕಳು; ಹತ್ತಾಗದಿದ್ದರೆ ಬಾಗಿಲು ಹಾಕುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ಒಂದನೇ ಕ್ಲಾಸಿಗೆ ಐದು ವರ್ಷ ಹತ್ತು ತಿಂಗಳು ಆಗಿರಬೇಕು ಎಂಬ ನಿಯಮ. ಸುಮಿತ್ರಮ್ಮನಿಗೂ ಸಸಿ ನೆಡುವ ನಟ್ಟಿಯ ಕಾಲ. ಕೆಸರುಗದ್ದೆಯಲ್ಲಿ ಬಗ್ಗಿ ನಿಂತಾಗ ಮಗು ಎಲ್ಲಿದೆ ಎಂದು ಕತ್ತು ಹೊರಳಿಸಿ ನೋಡಿ ನೋಡಿ ಸಾಕಾಗಿತ್ತು. ಶಾಲೆಯಲ್ಲಾದರೆ ಬಿಸಿಯೂಟ ಹಾಕಿ ಸಂಜೆವರೆಗೆ ನೋಡಿಕೊಳ್ಳುತ್ತಾರೆ. ಮೇಷ್ಟ್ರು ಒಂಬತ್ತೂವರೆ ತಿಂಗಳು ಹಿಂದಕ್ಕೆ ಸರಿಸಿ ತಾರೀಖು ಬರೆದರು, ಅವಳು ಅದರ ಕೆಳಗೆ ರುಜು ಹಾಕಿದಳು. ಶಾಲೆ ಉಳಿಯಿತು, ನಟ್ಟಿ ಮುಗಿಯಿತು, ಮೇಷ್ಟ್ರಿಗೆ ಒಂದು ಲೋಟ ಕಾಫಿಯೂ ಆಯಿತು. ಮನೆಯೊಳಗೆ ಹುಡುಗನ ವಯಸ್ಸು ಯುಗಾದಿಯಿಂದ ಯುಗಾದಿಗೆ ಸಾಗಿತು. ಜೂನ್ ಒಂದನ್ನು ಅವಳು ಮರೆತೇಬಿಟ್ಟಳು.

ಅದು ಸುಳ್ಳು ತಾರೀಖು ಎಂದು ಸುಮಿತ್ರಮ್ಮ ವಕೀಲರ ಮುಂದೆ ಕೈಮುಗಿದಳು. ಜಾತಕ ತರುತ್ತೇನೆ ಎಂದಳು. ಜಾತಕ ಕೋರ್ಟಿನಲ್ಲಿ ನಡೆಯುವುದಿಲ್ಲ ಎಂದರು ವಕೀಲರು. ಮೊದಲು ನೋಡುವುದು ಶಾಲೆಯ ದಾಖಲೆ. ಅದು ಇಲ್ಲದಿದ್ದರೆ ಮಾತ್ರ ಜನನ ಪತ್ರ. ಅದೂ ಇಲ್ಲದಿದ್ದರೆ ಮೂಳೆಯ ಪರೀಕ್ಷೆ. ಜನನ ಪತ್ರವೂ ಅವಳ ಹತ್ತಿರ ಇರಲಿಲ್ಲ. ಶೃಂಗೇರಿ ಕಡೆಯ ತವರುಮನೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದ ಕೂಸನ್ನು ಯಾರೂ ಬರೆಸಿರಲಿಲ್ಲ. ವರ್ಷಗಟ್ಟಲೆ ವಾದ ಮಾಡಬಹುದು, ಆದರೆ ಇವತ್ತು ಸಂಜೆ ಆ ಹುಡುಗ ಕಾನೂನಿನ ಕಣ್ಣಿಗೆ ದೊಡ್ಡವನೇ. ಈ ಕೇಸಿನಲ್ಲಿ ಜಾಮೀನು ಸುಲಭವಲ್ಲ ಎಂದು ವಕೀಲರು ಅಂಕಪಟ್ಟಿಯನ್ನು ಅವಳ ಕಡೆಗೆ ತಳ್ಳಿದರು.

ಸುಮಿತ್ರಮ್ಮ ಅಂಕಪಟ್ಟಿ ಎತ್ತಿಕೊಂಡು ಮಾಳಿಗೆಯ ಮೆಟ್ಟಿಲು ಇಳಿದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಹುಡುಗ ತಾನೇ ಮಾಡಿದೆ ಎಂದು ಹೇಳಿಕೆ ಕೊಟ್ಟಾಗಿದೆ. ಚಿಕ್ಕವನು ಎಂಬ ಧೈರ್ಯದಲ್ಲಿ ಮುಂದೆ ತಳ್ಳಿದ ಮಗನನ್ನು ಅವಳ ಕೈಯ ರುಜುವೇ ದೊಡ್ಡವನನ್ನಾಗಿ ಮಾಡಿ ಜೈಲಿನ ಬಾಗಿಲಲ್ಲಿ ನಿಲ್ಲಿಸಿತ್ತು. ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಇನ್ನು ಐದೂವರೆ ಗಂಟೆ.

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಶಿವಶಂಕರಪ್ಪ ಮೇಷ್ಟ್ರು ರಿಟೈರಾಗಿ ಕೊಪ್ಪದಲ್ಲಿ ಮನೆ ಮಾಡಿಕೊಂಡಿದ್ದಾರೆ, ತಾವು ತಪ್ಪು ಬರೆದೆ ಎಂದು ಅವರು ಒಪ್ಪಿಬಿಟ್ಟರೆ ಸಾಕು ಎಂದಳು. ರಾಜೇಶನಿಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಆದರೂ ಬೈಕು ತಿರುಗಿಸಿದ. ದಾರಿಯುದ್ದಕ್ಕೂ ಅವಳು ತಮ್ಮನ ಬೆನ್ನಿಗೆ ಮುಖ ಕೊಟ್ಟು ಕೂತಿದ್ದಳು. ಆ ಇನ್ನೊಂದು ದಾರಿ ಅವಳಿಗೆ ಕಾಣದೆ ಏನಿರಲಿಲ್ಲ. ಠಾಣೆಗೆ ಹೋಗಿ ಸ್ವಿಚ್ ಹಾಕಿದವಳು ನಾನು ಎಂದು ಹೇಳಿದರೆ ಮುಗಿಯಿತು. ಮಗನ ಬದಲು ನಾನು ಸಾಯುತ್ತೇನೆ ಎನ್ನುವುದು ತಾಯಂದಿರ ಬಾಯಿಗೆ ಸಲೀಸಾಗಿ ಬರುವ ಮಾತು. ಜ್ವರ ಬಂದಾಗ, ಪರೀಕ್ಷೆ ಫೇಲಾದಾಗ ಅವಳೂ ಎಷ್ಟೋ ಸಲ ಹೇಳಿದ್ದಳು. ಈಗ ಅದು ಬಾಯಿಗೆ ಬರುತ್ತಿರಲಿಲ್ಲ. ಜೈಲೆಂದರೆ ಅವಳಿಗೆ ಹೆದರಿಕೆ. ಅಲ್ಲಿ ಮಲಗುವುದು ಎಲ್ಲಿ, ಸ್ನಾನ ಎಲ್ಲಿ, ಯಾರ ಜೊತೆ, ಎಷ್ಟು ವರ್ಷ? ಹಾಗೆ ಹೆದರುತ್ತಿದ್ದುದಕ್ಕೆ ತನ್ನ ಮೇಲೇ ಅಸಹ್ಯವಾಯಿತು. ಅಸಹ್ಯವಾಯಿತೆಂದು ಹೆದರಿಕೆಯೇನೂ ಕಮ್ಮಿಯಾಗಲಿಲ್ಲ.

ಮೇಷ್ಟ್ರು ಅಂಗಳದಲ್ಲಿ ಕಾಳುಮೆಣಸು ಒಣಹಾಕುತ್ತಿದ್ದರು. ಅವಳ ಗುರುತು ತಕ್ಷಣ ಹತ್ತಿತು, ಹುಡುಗ ಹೇಗಿದ್ದಾನೆ ಎಂದು ಕೇಳಿದರು. ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಸ್ವಿಚ್ ಹಾಕಿದ್ದು ಯಾರು ಎಂಬುದನ್ನು ಮಾತ್ರ ಹೇಳಲಿಲ್ಲ. ಮೇಷ್ಟ್ರು ಒಳಗೆ ಹೋಗಿ ಕುರ್ಚಿಯ ಮೇಲೆ ಕೂತರು. ಅವರ ಕೈಬೆರಳುಗಳಿಗೆ ಮೆಣಸಿನ ಕಪ್ಪು ಹತ್ತಿತ್ತು, ಅದನ್ನು ಪಂಚೆಗೆ ಒರೆಸಿಕೊಳ್ಳುತ್ತಲೇ ಇದ್ದರು.

"ನಂಗೆ ಹತ್ತನೇ ಮಗು ಬೇಕಿತ್ತು ಸುಮಿತ್ರಮ್ಮ. ಬೇಕಾದ್ರೆ ಬಂದು ಹೇಳ್ತೀನಿ, ಪೆನ್ಶನ್ ಹೋದ್ರೆ ಹೋಗ್ಲಿ," ಎಂದರು. ದನಿ ಅಷ್ಟು ಗಟ್ಟಿಯಾಗಿರಲಿಲ್ಲ. "ಆದ್ರೆ ಕೆಳಗೆ ನಿಮ್ಮ ರುಜುನೂ ಇದೆ. ಅವತ್ತು ಇಬ್ರೂ ಸೇರಿ ಸುಳ್ಳು ಹೇಳಿದ್ವಿ ಅಂತ ಇವತ್ತು ಹೇಳಿದ್ರೆ, ಇವತ್ತಿಂದು ನಿಜ ಅಂತ ಯಾರು ನಂಬ್ತಾರೆ?"

 ಮೇಷ್ಟ್ರ ಹೆಂಡತಿ ಊಟ ಮಾಡಿಕೊಂಡು ಹೋಗಿ ಎಂದರು. ಇನ್ನೊಂದು ಸಲ ಬರುತ್ತೇನೆ ಎಂದು ಹೇಳಿ ಹೊರಟಳು. ಗೇಟಿನ ತನಕ ಬಂದ ಮೇಷ್ಟ್ರು, ಒಳ್ಳೆಯದಕ್ಕೇ ಮಾಡಿದ್ದು, ಆ ಶಾಲೆ ಇನ್ನೂ ನಡೀತಾ ಇದೆ ಎಂದರು. ಅದು ಅವಳಿಗೆ ಹೇಳಿದ್ದೋ, ತಮಗೇ ಹೇಳಿಕೊಂಡದ್ದೋ.

ಠಾಣೆಗೆ ಬಂದಾಗ ನಾಲ್ಕು ಗಂಟೆಯ ಮೇಲಾಗಿತ್ತು. ಆವರಣದ ಮರದ ಕೆಳಗೆ ಯೋಗೇಂದ್ರ ಕೂತಿದ್ದ. ಬೆಳಿಗ್ಗೆ ಜಗಲಿಯಲ್ಲಿ ಕೂತಿದ್ದ ಹಾಗೆಯೇ ಕೂತಿದ್ದ. ಯಾರೋ ಎತ್ತಿ ತಂದು ಇಲ್ಲಿ ಇಟ್ಟಿದ್ದರು ಅಷ್ಟೆ. ಠಾಣೆಯ ಜಗಲಿಯ ಬೆಂಚಿನ ಮೇಲೆ ಕೃಷ್ಣಪ್ಪನ ಹೆಂಡತಿ ವೆಂಕಮ್ಮ ನೆಂಟರ ನಡುವೆ ಕೂತಿದ್ದಳು. ಆಸ್ಪತ್ರೆಯಿಂದ ಹೆಣ ಬಿಡಿಸಿಕೊಳ್ಳಲು ಬೇಕಾದ ಕಾಗದಕ್ಕೆ ಕಾಯುತ್ತಿದ್ದಳು. ಇಪ್ಪತ್ತು ವರ್ಷ ಒಂದೇ ಬಾವಿಯ ನೀರು ಸೇದಿದವರು. ವೆಂಕಮ್ಮ ತಲೆಯೆತ್ತಿ ಇವಳನ್ನೇ ನೋಡಿದಳು. ಸುಮಿತ್ರಮ್ಮ ಕಣ್ಣು ತಪ್ಪಿಸಿ ಒಳಗೆ ನಡೆದಳು.

ದಾಖಲೆ ಎಲ್ಲಿ ಎಂದು ಸಬ್ ಇನ್‌ಸ್ಪೆಕ್ಟರು ಕೇಳಿದರು. ಅವಳು ಕೊಟ್ಟಳು. ಕೊಡದೆ ಬಚ್ಚಿಡುವಂತಿರಲಿಲ್ಲ, ಕಾಲೇಜಿನಲ್ಲೂ ಆಧಾರಿನಲ್ಲೂ ಅದೇ ತಾರೀಖು. ಅವರು ಓದಿ, ಪಕ್ಕದಲ್ಲಿದ್ದವನಿಗೆ ಜೀಪು ರೆಡಿ ಮಾಡು, ಐದಕ್ಕೆ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬೇಕು ಎಂದರು. ಮಗನ ಹತ್ತಿರ ಐದು ನಿಮಿಷ ಮಾತಾಡಲು ಬಿಡಿ ಎಂದು ಅವಳು ಬೇಡಿಕೊಂಡಳು. ಹೆಂಗಸು ಪೊಲೀಸೊಬ್ಬಳು ಒಳಕೋಣೆಗೆ ಕರೆದೊಯ್ದು ಬಾಗಿಲಲ್ಲಿ ನಿಂತಳು.

ಮೋಹಿತ ಗೋಡೆಬದಿಯ ಬೆಂಚಿನ ಮೇಲೆ ಕೂತಿದ್ದ. ಯಾರೋ ತಂದುಕೊಟ್ಟ ಇಡ್ಲಿಯ ಪೊಟ್ಟಣ ಬಿಚ್ಚದೆ ಪಕ್ಕದಲ್ಲಿತ್ತು. ಸುಮಿತ್ರಮ್ಮ ಅವನ ಮುಂದೆ ನೆಲದ ಮೇಲೆ ಕೂತು ತಾರೀಖಿನ ಕಥೆ ಹೇಳತೊಡಗಿದಳು. ಶಾಲೆ, ಮೇಷ್ಟ್ರು, ಜೂನ್ ಒಂದು, ರುಜು. ಮಾತು ತಡವರಿಸುತ್ತಿತ್ತು. ಅರ್ಧಕ್ಕೆ ಬರುವ ಹೊತ್ತಿಗೆ ಅವನು ತಲೆ ಆಡಿಸಿದ.

"ನಂಗೆ ಗೊತ್ತಿತ್ತಮ್ಮ."

ಅವಳಿಗೆ ಅರ್ಥವಾಗಲಿಲ್ಲ. ಏನು ಗೊತ್ತಿತ್ತು ಎಂದಳು.

"ನಂಗೆ ಕಾಗದದಲ್ಲಿ ಹದಿನೆಂಟಾಗಿದೆ ಅಂತ. ಹತ್ತನೇ ಕ್ಲಾಸಿಂದ ಎಷ್ಟು ಫಾರಂ ತುಂಬಿದೀನಿ. ಎಲ್ಲಾದ್ರಲ್ಲೂ ಬರೆಯೋನು ನಾನೇ ಅಲ್ವಾ?"

ಸುಮಿತ್ರಮ್ಮ ಮುಂದಕ್ಕೆ ಸರಿದಳು. ಗೊತ್ತಿದ್ದೂ ಯಾಕೋ ಒಪ್ಪಿದೆ, ಬೆಳಿಗ್ಗೆಯೇ ಯಾಕೆ ಬಾಯಿ ಬಿಡಲಿಲ್ಲ ಎಂದು ಅವನ ಎರಡೂ ಮಂಡಿ ಹಿಡಿದು ಅಲ್ಲಾಡಿಸಿದಳು. ಅವನು ಇಡ್ಲಿಯ ಪೊಟ್ಟಣದ ದಾರ ಎಳೆದ. ಮೀಸೆ ಇನ್ನೂ ಸರಿಯಾಗಿ ಚಿಗುರದ ಮುಖ. ಅಳುತ್ತಿರಲಿಲ್ಲ. ಅತ್ತಿದ್ದರೆ ಅವಳಿಗೆ ಎಷ್ಟೋ ಮೇಲಾಗುತ್ತಿತ್ತು.

"ಮಾವ ಹೇಳ್ದಾಗ, ಯಾರಾದ್ರೂ ಬೇಡ ಅಂತಾರೇನೋ ಅಂತ ನೋಡ್ದೆ," ಎಂದ. "ನೀನು ಹದಿನೇಳು ಅಂದೆ. ಅಪ್ಪಯ್ಯ ಸುಮ್ನಿದ್ರು. ಇನ್ನೆಂತ ಹೇಳದು?"

ಅವನು ದೂರಿದ್ದಲ್ಲ. ಬಸ್ಸು ಯಾಕೆ ತಪ್ಪಿತು ಎಂದು ಕೇಳಿದರೆ ಹೇಳುವ ಹಾಗೆ ಹೇಳಿದ, ಅಷ್ಟೆ. ಬಾಗಿಲಲ್ಲಿ ಟವೆಲು ಹಾಕಿಕೊಂಡು ಅವನು ನಿಂತದ್ದು, ಅಮ್ಮನನ್ನು ನೋಡಿದ್ದು, ಅಪ್ಪನನ್ನು ನೋಡಿದ್ದು ಯಾಕೆಂದು ಸುಮಿತ್ರಮ್ಮನಿಗೆ ಈಗ ತಿಳಿಯಿತು. ಹುಡುಗ ಹೆದರಿ ನಿಂತಿರಲಿಲ್ಲ. ಕಾದು ನಿಂತಿದ್ದ. ಅವಳು ಅವನ ತಲೆ ಸವರಿ ಎರಡು ದಿನದ ಮಾತು ಎಂದಿದ್ದಳು. ಆ ಕೈಯನ್ನು ಈಗ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಅವಳು ಎದ್ದಳು. ಕೋಣೆಯಿಂದ ಹೊರಗೆ ಬಂದು ಸಬ್ ಇನ್‌ಸ್ಪೆಕ್ಟರ ಮೇಜಿನ ಮುಂದೆ ನಿಂತಳು. ಅವಳ ಮುಖ ನೋಡಿದ್ದೇ ರಾಜೇಶನಿಗೆ ಏನೋ ಹೊಳೆಯಿತು. ಓಡಿ ಬಂದು ಅವಳ ತೋಳು ಹಿಡಿದ. ಅವಳು ಕೊಡವಿದಳು.

"ಸ್ವಿಚ್ ಹಾಕಿದ್ದು ನಾನು ಸಾರ್. 'ನಾನೇ ಹಾಕಿದ್ದು ಅಂತ ಹೇಳು' ಅಂತ ಹುಡುಗನಿಗೆ ನಾವೇ ಹೇಳ್ಕೊಟ್ವಿ."

ಸಬ್ ಇನ್‌ಸ್ಪೆಕ್ಟರು ಬರೆಯುವುದನ್ನು ನಿಲ್ಲಿಸಿದರು. ಅವರಿಗೆ ಆಶ್ಚರ್ಯವೇನೂ ಆದ ಹಾಗೆ ಕಾಣಲಿಲ್ಲ. ಹದಿನೆಂಟಾಗಿದೆ ಎಂದು ಗೊತ್ತಾದ ಮೇಲೆ ನೆನಪಾಯಿತೋ ಎಂದು ಕೇಳಿದರು. ಬೆಳಿಗ್ಗೆ ಒಂದು, ಸಂಜೆ ಒಂದು ಹೇಳಿದರೆ ಯಾವುದನ್ನು ಬರೆದುಕೊಳ್ಳಲಿ? ಮಗನನ್ನು ಉಳಿಸಿಕೊಳ್ಳಲು ಅಮ್ಮಂದಿರು ಏನು ಬೇಕಾದರೂ ಹೇಳುತ್ತಾರೆ, ಹುಡುಗ ಒಪ್ಪಿಕೊಂಡ ಹೇಳಿಕೆ ಫೈಲಿನಲ್ಲಿದೆ ಎಂದು ಮತ್ತೆ ಪೆನ್ನು ಎತ್ತಿಕೊಂಡರು. ಸುಮಿತ್ರಮ್ಮ ದೇವರ ಮೇಲೆ ಆಣೆ ಇಟ್ಟಳು, ಮಗನ ಮೇಲೆ ಆಣೆ ಇಟ್ಟಳು. ಆಣೆ ಬರೆದುಕೊಳ್ಳಲು ಫೈಲಿನಲ್ಲಿ ಜಾಗವಿಲ್ಲ. ಹೊರಗೆ ಜೀಪು ಸ್ಟಾರ್ಟಾದ ಸದ್ದು ಕೇಳಿತು. ಅವಳ ಬಾಯಿಂದ ಜೀವಮಾನದಲ್ಲೇ ಹೊರಡಿಸಲು ಅತಿ ಕಷ್ಟವಾದ ನಿಜ ಹೊರಗೆ ಬಂದಿತ್ತು, ಅದನ್ನು ತೆಗೆದುಕೊಳ್ಳುವವರೇ ಇರಲಿಲ್ಲ.  ಮೇಜಿನ ಅಂಚು ಹಿಡಿದುಕೊಂಡಳು.

"ಅವಳು ಹೇಳ್ತಿರದು ನಿಜ."

ಬಾಗಿಲಲ್ಲಿ ವೆಂಕಮ್ಮ ನಿಂತಿದ್ದಳು. 

"ದಿನಾ ಏಳಕ್ಕೆ ಟಾರ್ಚ್ ಹಿಡ್ಕಂಡು ಅವಳೇ ಬರದು. ನಮ್ಮ ಹಿತ್ಲಿಗೆ ಕಾಣ್ತದೆ. ನಿನ್ನೆನೂ ಅವಳೇ ಬಂದಿದ್ದು. ಆ ಹುಡುಗ ಒಂದು ದಿನಾನೂ ಆ ಕಡೆ ಬಂದವನಲ್ಲ."

ಸಬ್ ಇನ್‌ಸ್ಪೆಕ್ಟರು ಪೆನ್ನು ಕೆಳಗಿಟ್ಟರು. ಸತ್ತವನ ಹೆಂಡತಿ ಕೊಂದವರ ಮಗನನ್ನು ಬಿಡಿಸಲು ಸುಳ್ಳು ಹೇಳುವುದಿಲ್ಲ ಎಂಬುದು ಅವರಿಗೆ ಗೊತ್ತಿರಬೇಕು. ಇದನ್ನು ಬರೆಸಿ ರುಜು ಹಾಕುತ್ತೀರಾ ಎಂದು ಕೇಳಿದರು. ಹಾಕುತ್ತೇನೆ ಎಂದಳು. ಸುಮಿತ್ರಮ್ಮ ಅವಳ ಕಾಲು ಮುಟ್ಟಲು ಬಗ್ಗಿದಳು. ವೆಂಕಮ್ಮ ಹಿಂದಕ್ಕೆ ಸರಿದಳು.

"ಮುಟ್ಟಬೇಡ," ಎಂದಳು. "ನಿನ್ನ ಮೇಲೆ ಕರುಣೆಯಿಂದ ಹೇಳಿದ್ದಲ್ಲ. ಕಂಡಿದ್ದು ಹೇಳ್ದೆ."

ಆಮೇಲೆ ಯೋಗೇಂದ್ರನೂ ಒಳಗೆ ಬಂದ. ಅವನನ್ನು ಯಾರೂ ಕರೆದಿರಲಿಲ್ಲ. ತಂತಿ ಎಳೆದದ್ದು ನಾನು, ಬೆಳಿಗ್ಗೆ ಸ್ವಿಚ್ ತೆಗೆಯಬೇಕಾಗಿದ್ದವನೂ ನಾನೇ, ಮಲಗಿಬಿಟ್ಟೆ ಎಂದ.  ರಾಜೇಶ ಎಲ್ಲಿದ್ದಾನೆ ಎಂದು ಯಾರೋ ಕೇಳಿದಾಗ ಅವನ ಬೈಕು ಆವರಣದಲ್ಲಿ ಇರಲಿಲ್ಲ. ಕಾನೂನು ಬಲ್ಲವನು, ಸುಳ್ಳು ಹೇಳಿಕೊಟ್ಟದ್ದಕ್ಕೂ ಒಂದು ಸೆಕ್ಷನ್ ಇದೆ ಎಂದು ಅವನಿಗೆ ಹೊಳೆದಿರಬೇಕು.

ಬರೆಯುವುದು, ಓದಿ ಹೇಳುವುದು, ರುಜು ಹಾಕಿಸುವುದು ಮುಗಿಯುವ ಹೊತ್ತಿಗೆ ಐದೂ ಕಾಲು. ಗಂಡ ಹೆಂಡತಿ ಇಬ್ಬರನ್ನೂ ಬಂಧಿಸಬೇಕಿತ್ತು; ಹೆಂಗಸರನ್ನು ಹೊತ್ತು ಮುಳುಗಿದ ಮೇಲೆ ಬಂಧಿಸುವಂತಿಲ್ಲ ಎಂದು ಪೊಲೀಸರಿಗೂ ಅವಸರವಿತ್ತು. ಹೆಂಗಸು ಪೊಲೀಸು ಬಂದು ಸುಮಿತ್ರಮ್ಮನ ಪಕ್ಕ ಕೂತಳು. ಕೈಬಳೆ, ಸರ ತೆಗೆದಿಡಬೇಕೆಂದಳು. ಹೆದರಿಕೆ ಹಾಗೇ ಇತ್ತು. ಹೇಳಿದ ಮೇಲೆ ಹಗುರಾಗುತ್ತದೆ ಎನ್ನುತ್ತಾರೆ, ಹಾಗೇನೂ ಆಗಲಿಲ್ಲ. ಆದರೆ ಒಳಕೋಣೆಯ ಬೆಂಚು ಖಾಲಿಯಾಗಿ ಮಗ ಹೊರಗೆ ಬಂದು ನಿಂತದ್ದನ್ನು ನೋಡಿದಾಗ, ಬೆಳಗಿನಿಂದ ಮೊದಲ ಸಲ ಪೂರ್ತಿ ಒಂದು ಉಸಿರು ಎಳೆದುಕೊಂಡಳು.

ಸಬ್ ಇನ್‌ಸ್ಪೆಕ್ಟರು ಮೋಹಿತನಿಗೆ ಚೆನ್ನಾಗಿ ಬೈದರು. ನಾಳೆ ಹತ್ತು ಗಂಟೆಗೆ ಬರಬೇಕು, ಈಗ ಮನೆಗೆ ಹೋಗು ಎಂದರು. ಮೋಹಿತ ಅಪ್ಪನನ್ನು ನೋಡಿದ, ಅಮ್ಮನನ್ನು ನೋಡಿದ. ಯಾರ ಜೊತೆ ಸಾರ್ ಎಂದು ಕೇಳಿದ.

 ಠಾಣೆಯ ಬರಹದ ಕೆಲಸ ನೋಡುವ ರೈಟರು ರಿಜಿಸ್ಟರು ಹೊರಳಿಸಿ ನೋಡಿದ. ಚಿಕ್ಕವನಾಗಿದ್ದರೆ ದೊಡ್ಡವರೊಬ್ಬರು ಬಂದು ರುಜು ಹಾಕಿ ಕರೆದುಕೊಂಡು ಹೋಗಬೇಕಿತ್ತು, ಇವನಿಗೆ ಹದಿನೆಂಟು ತುಂಬಿದೆಯಲ್ಲ, ಒಬ್ಬನೇ ಹೋಗಬಹುದು ಎಂದ. ಮೋಹಿತ ಅವನು ತೋರಿಸಿದ ಜಾಗದಲ್ಲಿ ರುಜು ಹಾಕಿದ.

ಸುಮಿತ್ರಮ್ಮ ಕೂತಲ್ಲಿಂದಲೇ, ಸೀದಾ ಮಾವನ ಮನೆಗೆ ಹೋಗು, ರಾತ್ರಿ ಒಬ್ಬನೇ ಇರಬೇಡ ಎಂದಳು. ಅವನು ಬಾಗಿಲ ಹತ್ತಿರ ನಿಂತ.

"ದನ ಇದಾವಲ್ಲಮ್ಮ," ಎಂದ. "ಬೆಳಿಗ್ಗೆಯಿಂದ ಯಾರೂ ಹುಲ್ಲು ಹಾಕಿಲ್ಲ."

ಆರು ಗಂಟೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವನು ರಸ್ತೆಗೆ ಇಳಿದು ಸ್ಟ್ಯಾಂಡಿನ ಕಡೆ ನಡೆದ. ಹೆಂಗಸು ಪೊಲೀಸು ಏಳಿ ಎನ್ನುವವರೆಗೂ ಸುಮಿತ್ರಮ್ಮ ಕಿಟಕಿಯಿಂದ ಅವನ ಬೆನ್ನನ್ನೇ ನೋಡುತ್ತಿದ್ದಳು.